ಹೋಗಿ ಬರುವ ಬೆಳಕು

ಬುಧವಾರ ಪುರಸಭೆಯವರು ಬಂದು ನಮ್ಮ ಕೇರಿಯ ನಲ್ಲಿ ಕಿತ್ತುಕೊಂಡು ಹೋದರು. ನಲವತ್ತು ಮನೆಗೆ ಇದ್ದದ್ದು ಅದೊಂದೇ ನಲ್ಲಿ. ಪೈಪಿನ ಬಾಯಿಗೆ ಮರದ ಬೆಣೆ ಜಡಿದರು, ಸುತ್ತ ಸಿಮೆಂಟು ಮೆತ್ತಿದರು, ಹಸಿ ಸಿಮೆಂಟನ್ನು ಕೋಳಿ ಕೆದಕಬಾರದೆಂದು ಮೇಲೊಂದು ಚಪ್ಪಡಿ ಹೇರಿದರು. ಬೆಳಿಗ್ಗೆ ಊರು ಬಿಟ್ಟವರು ಕೇರಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಯಾರಿ ಬಂದಿದ್ದರು. ಕೀಳುವ ಮುಂಚೆ ಅದೇ ನಲ್ಲಿಗೆ ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದರು.

ಊರ ನಡುವೆ ನಿಂತಿರುವ ನೀರಿನ ಟ್ಯಾಂಕಿನ ಮೈಮೇಲೆ ನೀಲಿ ಬಣ್ಣದಲ್ಲಿ ಬರೆದಿದೆ: ಟ್ಯಾಂಕಿನಿಂದ ಐನೂರು ಮೀಟರ್ ಒಳಗಿರುವ ಬೀದಿಗಳಿಗೆ ಮಾತ್ರ ನೀರು. ವರ್ಷಕ್ಕೊಮ್ಮೆ ಪುರಸಭೆಯ ಅಳತೆಗಾರ ನೀಲಕಂಠಪ್ಪನವರು ಟ್ಯಾಂಕಿನ ಬುಡದಿಂದ ಕಬ್ಬಿಣದ ಸರಪಳಿ ಹಾಸುತ್ತ ಹಾಸುತ್ತ ಒಂದೊಂದೇ ಬೀದಿಗೆ ಹೋಗುತ್ತಾರೆ. ಹೋದ ವರ್ಷ ನಮ್ಮ ಕೇರಿ ಐನೂರರ ಒಳಗೆ ಹೇಗೋ ಉಸಿರು ಬಿಗಿಹಿಡಿದು ನಿಂತಿತ್ತು. ಈ ವರ್ಷ ಆರುನೂರು ದಾಟಿತು. ಕೇರಿ ಎದ್ದು ಎಲ್ಲಿಗೂ ಹೋಗಿಲ್ಲ. ಅದೇ ಬೇವಿನಮರ, ಅದೇ ಚರಂಡಿ, ಮನೆಮನೆಯ ಮುಂದೆ ಮಗುಚಿಟ್ಟ ಅದೇ ತಳ್ಳುಗಾಡಿ.

ನಮ್ಮೂರಲ್ಲಿ ದೂರ ಅನ್ನುವುದು ಇಟ್ಟಲ್ಲಿ ಇರುವುದಿಲ್ಲ. ಇದಕ್ಕೆ ಎಲ್ಲರೂ ಹೊಂದಿಕೊಂಡಿದ್ದಾರೆ. ಕರೆಂಟಿನವರು ಪ್ರತಿ ಕಂಬದ ತಲೆಗೂ ಒಂದಿಷ್ಟು ತಂತಿ ಹೆಚ್ಚಿಗೆ ಸುತ್ತಿಟ್ಟಿರುತ್ತಾರೆ. ಬಟ್ಟೆ ಒಣಹಾಕುವ ಹಗ್ಗ ಕಟ್ಟುವಾಗ ಮೊಳದಷ್ಟು ಸಡಿಲ ಬಿಡದಿದ್ದರೆ ಅತ್ತೆಯ ಕೈಲಿ ಬೈಸಿಕೊಳ್ಳಬೇಕು. ಮುನಿಸಿಕೊಂಡ ಇಬ್ಬರು ಓರಗಿತ್ತಿಯರ ಮನೆಗಳ ನಡುವೆ ಒಂದು ಹಿತ್ತಿಲೇ ಹುಟ್ಟಿಕೊಂಡು, ಅದರಲ್ಲಿ ಹೀರೆಬಳ್ಳಿ ಹಬ್ಬಿ, ಅವರು ರಾಜಿಯಾದ ಮಾರನೇ ದಿನ ಹೀರೇಕಾಯಿ ಎರಡು ಗೋಡೆಗಳ ನಡುವೆ ಸಿಕ್ಕಿ ಚಪ್ಪಟೆಯಾದದ್ದನ್ನು ನಾನೇ ನೋಡಿದ್ದೇನೆ. ಶಾಲೆ ಹೋಗುವಾಗ ದೂರ, ಬರುವಾಗ ಹತ್ತಿರ. ಮೇಷ್ಟರು ಮಾತ್ರ ತಡವಾಗಿ ಬಂದವರಿಗೆ ಹೊಡೆಯುವುದನ್ನು ಬಿಟ್ಟಿಲ್ಲ.

ನಮ್ಮ ಕೇರಿಯವರು ಊರು ಗುಡಿಸುವವರು. ಕೋಳಿ ಕೂಗುವ ಹೊತ್ತಿಗೆ ಪೊರಕೆ ಹಿಡಿದು ಹೊರಟರೆ, ಬಾಯಿಗೆ ಹಾಕಿದ ಎಲೆಅಡಿಕೆ ಕೆಂಪಾಗುವ ಮುಂಚೆ ಮಾರ್ಕೆಟ್ಟಿನಲ್ಲಿರುತ್ತಾರೆ. ನಮ್ಮ ಕಡೆಯಿಂದ ಊರಿಗೆ ದಾರಿ ಅಷ್ಟೇ. ಅದೇ ದಾರಿ ಊರಿನ ಕಡೆಯಿಂದ ನಮ್ಮ ಕಡೆಗೆ ಬೇರೆಯೇ. ಅಂಚೆಯವನು ಮೊಣಕಾಲ ತನಕ ಧೂಳು ಮಾಡಿಕೊಂಡು ಬರುತ್ತಾನೆ, ಬಂದ ಮೇಲೆ ಅರಳಿಕಟ್ಟೆಯ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತಾನೆ. ದವಾಖಾನೆಯ ನರ್ಸಮ್ಮ ಬುತ್ತಿ ಕಟ್ಟಿಕೊಂಡು ಹೊರಡುತ್ತಾರಂತೆ. ಚುನಾವಣೆ ಬಂದಾಗ ಮಾತ್ರ ಈ ದಾರಿ ಕುಗ್ಗಿ ಅಂಗಳದಷ್ಟಾಗುತ್ತದೆ. ಹವಾಯಿ ಚಪ್ಪಲಿಯಲ್ಲೇ ಬಂದು ಕೈಮುಗಿದು ಹೋಗುತ್ತಾರೆ. ಮತ ಎಣಿಸಿದ ಸಂಜೆಗೆ ಮತ್ತೆ ಉದ್ದ.

ನೀಲಕಂಠಪ್ಪನವರು ಸುಳ್ಳು ಬರೆಯುವ ಮನುಷ್ಯರಲ್ಲ, ಇದನ್ನು ನಾನು ಹೇಳಲೇಬೇಕು. ಅಳತೆ ಮುಗಿದ ದಿನ ಅವರು ನಮ್ಮ ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. "ಏನ್ ಸ್ವಾಮಿ, ನಮ್ಮ ಕೇರಿನ ಎಳೆದು ಎಲ್ಲಿಗೆ ಒಯ್ದಿದ್ದೀರಿ?" ಅಂತ ಅವ್ವ ಕೇಳಿದಳು. ಅವರು ತಲೆಯೆತ್ತಲಿಲ್ಲ. "ನಾನೇನ್ ಮಾಡ್ಲಿ ಓಬಕ್ಕ, ಸರಪಳಿ ಹಾಸಿದಷ್ಟೂ ನೆಲ ಬರ್ತಾನೇ ಇರುತ್ತೆ. ಮುಗಿಯೋದೇ ಇಲ್ಲ. ನಂಗೂ ವಯಸ್ಸಾಯ್ತು." ಅವ್ವ ಒಳಗಿಂದ ನೀರು ತಂದಿಟ್ಟಳು. ಅವರು ಚೊಂಬನ್ನು ನೋಡಿದರು, ಬಾಯಾರಿಕೆ ಇಲ್ಲ ಅಂದರು, ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡು ಎದ್ದುಹೋದರು. ಹೋಗುವಾಗ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಿರುವಿನಲ್ಲಿ ನಾಲ್ಕು ಹೆಜ್ಜೆ ಹಾಕಿದ್ದು ಕಂಡಿತು, ಆಮೇಲೆ ಕಾಣಲಿಲ್ಲ. ವಾಪಸ್ ಹೋಗುವಾಗ ಸರಪಳಿ ಯಾವಾಗಲೂ ಚೀಲದಲ್ಲಿರುತ್ತದೆ.

ಅವ್ವನದೊಂದು ಪದ್ಧತಿ. ಕೆಲಸ ಮುಗಿಸಿ ಬಂದವಳು ನಲ್ಲಿಯ ಕೆಳಗೆ ಕೂತು ತಲೆಯಿಂದ ಕಾಲಿನವರೆಗೆ ತೊಳೆದುಕೊಂಡೇ ಹೊಸ್ತಿಲು ದಾಟುವುದು. ಊರಿನ ಹೊಲಸು ಊರಿಗೆ, ನನ್ನ ಮನೆಗೆ ಯಾಕೆ, ಅನ್ನುತ್ತಾಳೆ. ನಾನು ಹುಟ್ಟಿದಾಗಿನಿಂದ ಈ ಪದ್ಧತಿ ತಪ್ಪಿದ್ದು ನೋಡಿಲ್ಲ, ಜ್ವರವಿದ್ದರೂ ತಣ್ಣೀರೇ. ನಲ್ಲಿ ಹೋದ ಮೇಲೆ ನೀರು ಅಂದರೆ ಹಳೇ ಕಲ್ಲುಬಾವಿಯ ಸವಳು ನೀರು, ಅದೂ ಮನೆಗೆ ಎರಡು ಕೊಡ. ಕುಡಿಯಬೇಕು, ಬೇಯಿಸಬೇಕು. ತೊಳೆಯಲು ಎಲ್ಲಿಂದ? ಬುಧವಾರದಿಂದ ಅವ್ವ ಒಳಗೆ ಬರುವುದನ್ನು ಬಿಟ್ಟಳು. ಜಗಲಿಯ ಮೇಲೆ ಉಂಡಳು, ಜಗಲಿಯ ಮೇಲೆ ಮಲಗಿದಳು. ನನ್ನ ಕೂಸು ಸಿಂಗಾರಿಗೆ ಆಗಷ್ಟೇ ತೆವಳುವ ಉಮೇದು. ಹೊಸ್ತಿಲ ತನಕ ಹೋಗಿ ಅಜ್ಜಿಯ ಕಡೆ ಕೈ ಚಾಚುತ್ತಿತ್ತು. ಅವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬ್ಯಾಡ ಕಣವ್ವ, ಬ್ಯಾಡ ನನ ಬಂಗಾರ, ಅಜ್ಜಿ ಹೊಲಸಾಗವಳೆ" ಅಂತ ಹಿಂದೆ ಹಿಂದೆ ಸರಿಯುತ್ತಿದ್ದಳು. ಒಂದು ಸಂಜೆ ಗಮನಿಸಿದೆ. ನಮ್ಮ ಜಗಲಿ ಉದ್ದವಾಗತೊಡಗಿತ್ತು. ಕೂಸು ತೆವಳುತ್ತಲೇ ಇತ್ತು, ಅಜ್ಜಿ ಅಲ್ಲೇ ಕೂತಿದ್ದಳು, ನಡುವೆ ನಿನ್ನೆ ಇಲ್ಲದ ಒಂದು ಕಲ್ಲುಚಪ್ಪಡಿ ಬಂದಿತ್ತು. ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕೇರಿಯಲ್ಲಿ ಭಾನುವಾರದ ಓದು ಅಂತ ಒಂದಿದೆ. ತಳ್ಳುಗಾಡಿ ನಿಲ್ಲಿಸುವ ತಗಡಿನ ಮನೆಯಲ್ಲಿ ಪೊರಕೆಗಳನ್ನು ಮೂಲೆಗೆ ಸರಿಸಿ ಕೂರುತ್ತೇವೆ. ಒಬ್ಬರು ಓದಬೇಕು, ಉಳಿದವರು ಅಡ್ಡ ಬಾಯಿ ಹಾಕಬೇಕು. ಯಾರೂ ಅಡ್ಡ ಬಾಯಿ ಹಾಕದಿದ್ದರೆ ಓದಿದ್ದು ಒಳಗೆ ಇಳಿದಿಲ್ಲ ಅಂತ ತಿಳಿಯುವುದು. ಆ ಭಾನುವಾರ ಯಾರೂ ಪುಸ್ತಕ ತೆರೆಯಲಿಲ್ಲ. ಅರ್ಜಿ ಕೊಡೋಣ ಅಂದಳು ಒಬ್ಬಳು. ಹಾಲಪ್ಪಜ್ಜ, ಓದು ಬರದಿದ್ದರೂ ಅಡ್ಡ ಬಾಯಿ ಹಾಕುವುದರಲ್ಲಿ ಎಲ್ಲರಿಗಿಂತ ಮುಂದು, ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಕೊಡ್ರಪ್ಪ. ಹೋದ ಸಲ ಕೊಟ್ಟಿದ್ದಕ್ಕೆ ಇನ್ನೂ ನಡಕೊಂಡು ಬರ್ತಾ ಐತೆ ಉತ್ತರ. ಪಾಪ, ದೂರ ಅಲ್ವಾ." ಆಗ ಬಾಗಿಲ ಬಳಿ ಕೂತಿದ್ದ ಜಬೀನಾ ಕೇಳಿದಳು: "ಅವರು ಸರಪಳೀಲಿ ಅಳೀತಾರೆ. ನಾವು ಬೆಳಕಲ್ಲಿ ಅಳೆದ್ರೆ?"

ಜಬೀನಾಳೂ ನಾನೂ ಒಟ್ಟಿಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರು. ಅವಳಿಗೆ ಮಾರ್ಕೆಟ್ಟಿನ ಮಗ್ಗುಲಲ್ಲಿ ಮೊಬೈಲ್ ರಿಪೇರಿ ಅಂಗಡಿ, ನನಗೆ ಅದೇ ಅಂಗಡಿಯಲ್ಲಿ ಕೆಲಸ. ಅವಳಿಗೆ ನಮ್ಮ ಕೇರಿ ಯಾವತ್ತೂ ಹತ್ತಿರ. ಅಂಗಡಿ ಎದುರಿನ ಗಾಡಿಯಲ್ಲಿ ಕೊಂಡ ಬೋಂಡ ಆರುವ ಮುಂಚೆ ನಮ್ಮ ಜಗಲಿಯಲ್ಲಿರುತ್ತಾಳೆ. ಅವಳ ತಲೆಯಲ್ಲಿ ಓಡಿದ್ದು ಏನೆಂದು ನನಗೆ ಗೊತ್ತಾಯಿತು. ನಮ್ಮ ಮನೆಯ ಮಾಡಿನ ಮೇಲೆ ಒಂದು ಯಂತ್ರ ಬಿದ್ದಿತ್ತು. ದೋಸೆ ಹಂಚಿನಷ್ಟಗಲ, ಗುಂಡಗೆ, ಬಿಳುಪು. ತಾನಾಗಿ ಓಡಾಡಿ ಮನೆಯ ಕಸ ಗುಡಿಸುವ ಯಂತ್ರ. ಪುರಸಭೆಯ ಮುಖ್ಯಾಧಿಕಾರಿ ಸಾಹೇಬರ ಮನೆಯ ಕಸದ ಬುಟ್ಟಿಯಲ್ಲಿ ಅವ್ವನಿಗೆ ಸಿಕ್ಕಿತ್ತು. ಸಾಹೇಬರೂ ಅಮ್ಮಾವರೂ ಮಾತು ಬಿಟ್ಟಾಗಲೆಲ್ಲ ಅವರ ಹಜಾರ ಉದ್ದವಾಗಿ, ಈ ಯಂತ್ರ ದಾರಿಯಲ್ಲೇ ಚಾರ್ಜು ಮುಗಿದು ನಿಂತುಬಿಡುತ್ತಿತ್ತಂತೆ. "ಗುಡಿಸೋ ಕೆಲಸ ಅಂದ್ರೆ ಏನಂತ ತಿಳಿದಿದ್ರು" ಅಂತ ಅವ್ವ ಅದನ್ನು ಎತ್ತಿಕೊಂಡು ಬಂದಿದ್ದಳು.

ಅದರ ನೆತ್ತಿಯ ಮೇಲೆ ಒಂದು ಕಣ್ಣಿತ್ತು, ಲೇಸರ್ ಕಣ್ಣು. ಗೋಡೆ ಎಷ್ಟು ದೂರ ಅಂತ ಅದು ನೋಡಿಕೊಳ್ಳುವುದು. ನಾನೂ ಜಬೀನಾಳೂ ಆ ಕಣ್ಣನ್ನು ಬಿಡಿಸಿದೆವು. ಅಂಗಡಿಯಲ್ಲಿ ಬೆರಳುದ್ದದ ಒಂದು ಮೈಕ್ರೋಕಂಟ್ರೋಲರ್ ಬೋರ್ಡಿತ್ತು, ಮಕ್ಕಳ ಆಟದ ಸಾಮಾನಿಗಿಂತ ಅಗ್ಗದ್ದು, ಅದಕ್ಕೆ ಕಣ್ಣಿನ ತಂತಿಗಳನ್ನು ಬೆಸೆದೆವು. ಹಳೇ ಮೊಬೈಲಿನ ಬ್ಯಾಟರಿ, ಅಂಗೈಯಗಲ ಅಂಕಿ ತೋರಿಸುವ ಪರದೆ, ಒಂದು ಗುಂಡಿ. ಎಲ್ಲ ಸೇರಿ ಸೋಪಿನ ಡಬ್ಬಿಯೊಳಗೆ ಕೂತವು. ಗುಂಡಿ ಒತ್ತಿದರೆ ಎದುರಿನ ದೂರ ಅಳೆದು, ಹಿಂದಿನ ಅಳತೆಗೆ ಕೂಡಿಸಿ ತೋರಿಸಬೇಕು. ಬರೆಯುವುದು, ಅಳಿಸುವುದು, ಬೈದುಕೊಳ್ಳುವುದು, ಮತ್ತೆ ಬರೆಯುವುದು. ಬೆಸೆಯುವ ಕಡ್ಡಿಯ ಹೊಗೆಗೆ ಕಣ್ಣುರಿ. ಕಡೆಗೆ ಒಂದು ಮಧ್ಯಾಹ್ನ ಅಂಗಡಿಯ ಗೋಡೆಗೆ ಹಿಡಿದಾಗ ಅದು ಹೇಳಿದ್ದೂ ಟೇಪು ಹೇಳಿದ್ದೂ ಒಂದೇ ಆಯಿತು. ಜಬೀನಾ ನನ್ನ ಬೆನ್ನಿಗೆ ಗುದ್ದಿದಳು. "ಒಂದೇ ತೊಂದರೆ ಕಣೇ ದುರ್ಗಿ, ಎಂಟು ಹತ್ತು ಹೆಜ್ಜೆ ಆಚೆ ಇದಕ್ಕೆ ಕಾಣಲ್ಲ."

ಅವ್ವನಿಗೆ ತೋರಿಸಿದೆ. ಅವಳು ಮುಟ್ಟಲಿಲ್ಲ, ಜಗಲಿಯಂಚಿನಿಂದ ಬಗ್ಗಿ ನೋಡಿದಳು. "ಇದು ನಡೆಯಲ್ಲ, ಸರಪಳಿ ಎಳೆಯಲ್ಲ. ಅದೆಂಗೆ ದೂರ ಹೇಳ್ತೈತೆ?" "ಬೆಳಕು ಇಲ್ಲಿಂದ ಹೋಗುತ್ತೆ ಅವ್ವ. ಎದುರಿಗಿದ್ದದ್ದಕ್ಕೆ ಬಡಿದು ವಾಪಸ್ ಬರುತ್ತೆ. ಹೋಗಿ ಬಂದ ಹೊತ್ತನ್ನು ಅರ್ಧ ಮಾಡಿದರೆ ದೂರ." ಅವ್ವನ ಬಾಯೊಳಗಿನ ಎಲೆಅಡಿಕೆ ನಿಂತುಹೋಯಿತು. "ಬರೋದನ್ನೂ ಲೆಕ್ಕಕ್ಕೆ ಹಿಡೀತೈತೆ ಅನ್ನು." "ಹೂಂ." "ನೀಲಕಂಠಪ್ಪ ಹಿಡಿಯಾಕಿಲ್ವಲ್ಲ." ಆಮೇಲೆ ಉಗುಳಿ ಬಂದು ಹೇಳಿದಳು: "ಎಂಟತ್ತು ಹೆಜ್ಜೆಗೆ ಒಬ್ಬೊಬ್ರು ನಿಂತ್ರಾಯ್ತು. ಜನಕ್ಕೇನ್ ಬರ ನಮ್ಮಲ್ಲಿ?"

ನಮ್ಮವರು ಮಾಡಿದ ಎಡವಟ್ಟನ್ನೂ ಹೇಳಬೇಕು. ಸಂಜೆ ಹೊತ್ತು ಪರೀಕ್ಷೆಗೆಂದು ಕೇರಿಯ ಉದ್ದಕ್ಕೂ ಸಾಲಾಗಿ ನಿಲ್ಲಲು ಹೇಳಿದ್ದೆ. ಬೆಳಕು ಬಡಿಯಲಿಕ್ಕೆ ಎದೆಯ ಮುಂದೆ ಒಂದೊಂದು ಹಲಗೆ ಹಿಡಿಯಿರಿ ಅಂದಿದ್ದೆ. ಹೋಗಿ ನೋಡಿದರೆ ಒಬ್ಬೊಬ್ಬರ ಕೈಯಲ್ಲೂ ಸ್ಟೀಲಿನ ತಟ್ಟೆ! ನೆಂಟರು ಬಂದಾಗ ಮಾತ್ರ ಕೆಳಗಿಳಿಸುವ ತಟ್ಟೆಗಳು. ನೀರಿಲ್ಲದ್ದಕ್ಕೆ ಒಣಬೂದಿಯಲ್ಲೇ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿಕೊಂಡು ಬಂದಿದ್ದರು. "ಊರಿನೋರ ಮುಂದೆ ಹಳೇ ಹಲಗೆ ಹಿಡಕೊಂಡು ನಿಂತ್ಕೋಬೇಕೇನೇ?" ಅಂದಳು ಪಕ್ಕದ ಮನೆಯ ಮಾರಕ್ಕ. ಗುಂಡಿ ಒತ್ತಿದೆ. ಸೊನ್ನೆ ಅಂದಿತು. ಮತ್ತೆ ಒತ್ತಿದೆ. ಬೇವಿನಮರದ ಆಚೆಯ ಯಾವುದೋ ದೂರ ಹೇಳಿತು. ಹೊಳೆಯುವ ತಟ್ಟೆಯ ಮೇಲೆ ಬೆಳಕು ಜಾರಿ ಎತ್ತೆತ್ತಲೋ ಹೋಗುತ್ತಿತ್ತು, ನನ್ನ ಕಡೆಗೆ ಬರುತ್ತಿರಲಿಲ್ಲ. ಹೊಳಪು ಬೇಡ, ಬಿಳುಪು ಬೇಕು ಅಂದೆ. ಮಾರಕ್ಕನ ಮುಖ ಸಣ್ಣದಾಯಿತು. ಹಾಲಪ್ಪಜ್ಜ ಎದ್ದುಹೋಗಿ ಒಂದು ಮೊರ ತಂದ. ಊರಿನ ಚರಂಡಿಗೆ ಹಾಕಲಿಕ್ಕೆಂದು ಪುರಸಭೆ ಕೊಟ್ಟಿದ್ದ ಸುಣ್ಣದ ಮೂಟೆ ತಗಡಿನ ಮನೆಯಲ್ಲಿತ್ತು. ಆ ಸುಣ್ಣವನ್ನು ಕಲಸಿ ಮೊರದ ಬೆನ್ನಿಗೆ ಬಳಿದ. ಸುಣ್ಣ ಕಲಸಲು ಪ್ರತಿ ಮನೆಯವರೂ ಕುಡಿಯುವ ನೀರಿನಿಂದ ಒಂದೊಂದು ಲೋಟ ಕೊಟ್ಟರು. ಒಣಗಿದ ಮೊರದ ಎದುರು ಡಬ್ಬಿ ಹಿಡಿದು ಒತ್ತಿದೆ. ಅಂಕಿ ಗಟ್ಟಿಯಾಗಿ ನಿಂತಿತು.

ಹೊಸ ಅಳತೆಗೆ ಸಾಹೇಬರ ಒಪ್ಪಿಗೆ ಕೇಳಲು ಹೋದಾಗ ಅವರು ಸೋಪಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು. ಒಳಗಿರುವುದು ತಮ್ಮ ಮನೆಯ ಕಣ್ಣು ಅಂತ ಗುರುತು ಸಿಗಲಿಲ್ಲ. "ವೆರಿ ಗುಡ್. ನಮ್ಮೂರ ಹೆಣ್ಣುಮಗಳು ಲೇಸರ್ ಮಾಡಿದ್ದಾಳೆ ಅಂದ್ರೆ ಪೇಪರಿನವರನ್ನ ಕರೆಸಬೇಕು. ಅಳೀರಿ, ಅದಕ್ಕೇನಂತೆ. ನೀಲಕಂಠಪ್ಪ ಜೊತೆಗಿರ್ತಾರೆ, ನಾನೂ ಬರ್ತೀನಿ. ಐನೂರರ ಒಳಗೆ ಬಂದ್ರೆ ನಲ್ಲಿ ಹಾಕಿಸೋಣ." ಇಷ್ಟು ಸುಲಭಕ್ಕೆ ಒಪ್ಪಿದ್ದು ನನಗೆ ಹಿಡಿಸಲಿಲ್ಲ. ಮೆಟ್ಟಿಲಿಳಿಯುವಾಗ ಜಬೀನಾ, "ಅಳತೆ ಎಷ್ಟು ಬರುತ್ತೆ ಅಂತ ತಮಗೆ ಗೊತ್ತು ಅಂದ್ಕೊಂಡಿದ್ದಾರೆ" ಅಂದಳು.

ಬಿಸಿಲೇರಿದರೆ ಲೇಸರ್ ಕಣ್ಣಿಗೆ ಮಂಜು ಕವಿಯುತ್ತದೆ. ಹಾಗಾಗಿ ಪೂರ್ವದಿಕ್ಕು ಬೆಳ್ಳಗಾಗುವ ಹೊತ್ತಿಗೆ ಟ್ಯಾಂಕಿನ ಬುಡದಲ್ಲಿ ಸೇರಿದೆವು. ಟ್ಯಾಂಕಿನಿಂದ ಕೇರಿಯ ಕಡೆಗೆ ಬಿಳಿ ಮೊರಗಳ ಸಾಲು ಹೊರಟಿತ್ತು. ಕತ್ತಲು ಪೂರ್ತಿ ಬಿಟ್ಟಿರಲಿಲ್ಲ, ಹಿಡಿದವರು ಕಾಣುತ್ತಿರಲಿಲ್ಲ, ಮೊರಗಳಷ್ಟೇ ಗಾಳಿಯಲ್ಲಿ ತೂಗುಹಾಕಿದ ಹಾಗಿದ್ದವು. ಜನ ಸಾಲದೆ ಬಂದಾಗ ದಾಟಿದ ಮೊರದವರು ಮುಂದಕ್ಕೆ ಓಡಿ ಸಾಲು ಬೆಳೆಸಬೇಕು ಅಂತ ಮಾತಾಗಿತ್ತು. ಅವ್ವ ಕೊನೆಯವಳು, ಕಿತ್ತ ನಲ್ಲಿಯ ಚಪ್ಪಡಿಯ ಮೇಲೆ ಮೊರ ಹಿಡಿದು ನಿಂತಿದ್ದಳು. ಆ ದಿನ ಯಾರೂ ಗುಡಿಸಲು ಹೋಗಿರಲಿಲ್ಲ. ಅಳತೆ ಮುಗಿಯುವ ತನಕ ಸಾಹೇಬರೇ ಬಿಡುವು ಕೊಟ್ಟಿದ್ದರು. ಸಾಹೇಬರ ಜೀಪು ಮಾತ್ರ ಬಂದಿರಲಿಲ್ಲ. ನೀವು ಶುರು ಮಾಡಿ, ಹಿಂದೆಯೇ ಬರ್ತೀನಿ ಅಂತ ಫೋನು ಬಂತು.

ಮೊದಲ ಮೊರಕ್ಕೆ ಡಬ್ಬಿ ಗುರಿಹಿಡಿದು ಒತ್ತಿದೆ. ನೀಲಕಂಠಪ್ಪನವರು ಅಂಕಿ ನೋಡಿದರು. "ಇಲ್ಲಿ ನಿಂತಿರೋದು ಯಾರು?" "ಈರಮ್ಮ, ಬುದ್ಧಿ" ಅಂದಿತು ಮೊರ. ಮೊರದ ಮೇಲಿನಿಂದ ಒಂದು ಮುಖ ಎದ್ದಿತು. ಅವರು ಒಂದು ಕ್ಷಣ ನಿಂತರು. "ನಮ್ಮ ಬೀದಿ ಗುಡಿಸೋದು ನೀನಲ್ವಾ?" "ನಾನೇ. ನಿಮ್ಮ ಮಗಳ ಮದುವೆ ಪೆಂಡಾಲಿನ ಎಲೆ ಎತ್ತಿದ್ದೂ ನಾನೇ." ಅಲ್ಲಿಂದ ಎರಡನೇ ಮೊರ. "ನೀನ್ಯಾರಮ್ಮ?" "ಸಣ್ಣತಿಮ್ಮಿ. ನಿಮ್ಮ ಆಫೀಸಿನ ಪಾಯಿಖಾನೆ ನಂದೇ." ಹಿಂದಿನಿಂದ ಯಾರೋ, "ಹಂಗಂತ ಬರಕೋಬ್ಯಾಡ್ರಿ ಸ್ವಾಮಿ, ಆಸ್ತಿ ಕೇಳಿಯಾಳು" ಅಂದರು. ಸಾಲಿನ ಉದ್ದಕ್ಕೂ ನಗು ಹರಿಯಿತು. ನೀಲಕಂಠಪ್ಪನವರೂ ನಕ್ಕುಬಿಟ್ಟರು. ಆಮೇಲೆ ಪ್ರತಿ ಮೊರದ ಹತ್ತಿರ ಅವರು ನಿಲ್ಲುವುದು, ಕೇಳುವುದು, ಮೊರ ಉತ್ತರ ಹೇಳುವುದು. ನಾನು ಒತ್ತುತ್ತಿದ್ದೆ, ಪರದೆಯ ಅಂಕಿ ಬೆಳೆಯುತ್ತಿತ್ತು. ಗಂಡಸರು, ಹೆಂಗಸರು, ಅಜ್ಜ, ಬಸುರಿ, ಎಲ್ಲ ದಾಟಿ ಹೋದರು. ದಾಟಿದವರು ಸೀರೆ ಎತ್ತಿಕಟ್ಟಿ ಮುಂದಕ್ಕೆ ಓಡಿದರು.

ಅವ್ವನ ಮೊರ ಬಂದಾಗ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ನೀಲಕಂಠಪ್ಪನವರು ಸುತ್ತ ನೋಡಿದರು. ಬೇವಿನಮರ ನೋಡಿದರು. ಬಗ್ಗಿ ತಮ್ಮ ಪಂಚೆಯ ಅಂಚು ನೋಡಿದರು, ಧೂಳಿರಲಿಲ್ಲ. "ಬಂದೇ ಬಿಟ್ವಾ?" ಅಂದರು. "ಇಷ್ಟೇನಾ?" ಅಂತ ಇನ್ನೊಮ್ಮೆ ಅಂದು ನಮ್ಮ ಜಗಲಿಯ ಮೇಲೆ ಕೂತರು. ಮಾರಕ್ಕ ನೀರು ತಂದುಕೊಟ್ಟಳು, ಸವಳು ನೀರು. ಚೊಂಬೆತ್ತಿ ಕುಡಿದರು, ಮುಖ ಕಿವುಚಿದರು, ಉಳಿದದ್ದನ್ನೂ ಕುಡಿದರು. ನಾನು ಕೊನೆಯ ಸಲ ಗುಂಡಿ ಒತ್ತಿದೆ. ಪರದೆ ನಾನೂರ ಹನ್ನೆರಡು ಅಂದಿತು. ಜಬೀನಾ ಕಿರುಚಿದಳು. ಅವ್ವ ಮೊರ ಇಳಿಸಲಿಲ್ಲ. "ಅವರು ಬಂದು ನೋಡ್ಲಿ" ಅಂದಳು. ನಾನು ಕೂಸನ್ನು ಸೊಂಟಕ್ಕೇರಿಸಿಕೊಂಡು ಕಾದೆ.

ಸಾಹೇಬರು ಬಂದದ್ದು ಬಿಸಿಲು ನೆತ್ತಿಗೆ ಬಂದ ಮೇಲೆ. ಜೀಪು ಬಿಸಿಯಾಗಿ ದಾರಿಯಲ್ಲೇ ನಿಂತಿತ್ತಂತೆ, ಅಲ್ಲಿಂದ ನಡೆದುಕೊಂಡು ಬಂದಿದ್ದರು. ಜೊತೆಗೆ ಕಸದ ಮೇಸ್ತ್ರಿ ಕೊಟ್ರಪ್ಪ ಅವರ ಕೋಟು ಹೊತ್ತುಕೊಂಡು ಬಂದಿದ್ದ. ಇಬ್ಬರಿಗೂ ಸೊಂಟದ ತನಕ ಧೂಳು. ಪೇಪರಿನವರು ಅರ್ಧ ದಾರಿಯಿಂದಲೇ ತಿರುಗಿಹೋದರಂತೆ. ಸಾಹೇಬರು ಪರದೆ ನೋಡಿದರು, ನೀಲಕಂಠಪ್ಪನವರನ್ನು ನೋಡಿದರು. ಅವರು ಎದ್ದುನಿಂತರು. "ಸರಿಯಾಗಿದೆ ಸಾರ್. ಪ್ರತಿಯೊಂದೂ ನಾನೇ ನೋಡಿದ್ದೀನಿ."

ಸಾಹೇಬರು ಬೆವರೊರೆಸಿಕೊಂಡರು. "ಇದು ಹೋಗಿದ್ದೂ ಬಂದಿದ್ದೂ ಸೇರಿಸಿ ಅರ್ಧ ಮಾಡುತ್ತಂತಲ್ಲಮ್ಮ?" "ಹೌದು ಸಾರ್." "ಅದೇ ತಪ್ಪು. ಟ್ಯಾಂಕಿನ ಮೇಲೆ ಏನಂತ ಬರೆದಿದೆ? ಟ್ಯಾಂಕಿನಿಂದ. ಟ್ಯಾಂಕಿಗೆ ಅಂತ ಬರೆದಿಲ್ಲ. ನಾವು ಹೋಗೋ ದೂರ ಮಾತ್ರ ಅಳೀತೀವಿ. ನಿನ್ನ ಪ್ರೋಗ್ರಾಂ ಬದಲಾಯಿಸು, ಬರೋದನ್ನ ತೆಗೆದುಹಾಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಇನ್ನೂ ಉರಿ ಹಚ್ಚಿತು. "ಆಗಲ್ಲ ಸಾರ್" ಅಂದೆ. "ಹೋಗಿ ವಾಪಸ್ ಬರದ ಬೆಳಕು ಎಷ್ಟು ದೂರ ಹೋಯ್ತು ಅಂತ ಯಾವ ಚಿಪ್ಪಿಗೂ ಗೊತ್ತಾಗಲ್ಲ. ಅದು ಮರಳಿ ಬಂದು ಹೇಳಬೇಕು. ನೀವು ಕಳಿಸೋದನ್ನ ಮಾತ್ರ ಲೆಕ್ಕ ಹಿಡಿದು, ನಿಮ್ಮ ಹತ್ತಿರ ಬಂದವರನ್ನ ಬಿಟ್ಟುಬಿಡ್ತೀರಿ. ಇಷ್ಟು ವರ್ಷ ದಿನಾ ಬೆಳಿಗ್ಗೆ ಬಂದಿದ್ದೀವಲ್ಲ, ಅದು ಯಾವ ಅಳತೇಲಿ ಸೇರಿತು?" "ಭಾಷಣ ಬೇಡ. ನೀಲಕಂಠಪ್ಪ, ಸರಪಳಿ ಹಾಕಿ." "ಚೀಲ ತಂದಿಲ್ಲ ಸಾರ್" ಅಂದರು ನೀಲಕಂಠಪ್ಪನವರು. ಚೀಲ ಅವರ ಹೆಗಲ ಮೇಲೇ ಇತ್ತು.

ಸಾಹೇಬರು ಆ ಚೀಲವನ್ನು ನೋಡಿದರು. ನಂತರ ಮೇಸ್ತ್ರಿಯ ಕಡೆ ತಿರುಗಿದರು. "ಈ ಅಳತೆ ರದ್ದು. ಕೊಟ್ರಪ್ಪ, ಊರು ಹೊಲಸೆದ್ದಿದೆ. ಮಾರ್ಕೆಟ್ಟಲ್ಲಿ ನಿನ್ನೆಯ ಕೋಸಿನ ಎಲೆ ಹಾಗೇ ಕೊಳೀತಾ ಇದೆ. ಇವರನ್ನೆಲ್ಲ ಹೊರಡಿಸು." ಕೊಟ್ರಪ್ಪ ದನಿಯೆತ್ತಿದ. "ಏಯ್, ಆಟ ಮುಗೀತು. ಮೊರ ಇಡ್ರಿ, ಪೊರಕೆ ತಗೊಳ್ರಿ. ನಡೀರಿ, ನಡೀರಿ." ಸಾಲು ಅಲ್ಲಾಡಲಿಲ್ಲ. ಎಲ್ಲರೂ ಅವ್ವನನ್ನು ನೋಡಿದರು. ಯಾವ ಮೇಸ್ತ್ರಿ ಬಂದರೂ ಮೊದಲು ಪೊರಕೆ ಎತ್ತುವವಳು ಅವಳು. ಅಪ್ಪನನ್ನು ಮಣ್ಣು ಮಾಡಿ ಬಂದ ಮಾರನೇ ಬೆಳಿಗ್ಗೆಯೂ ಮಾರ್ಕೆಟ್ಟು ಗುಡಿಸಿದವಳು.

ಅವ್ವ ಚಪ್ಪಡಿಯಿಂದ ಇಳಿದಳು. ಮೊರವನ್ನು ಗೋಡೆಗೆ ಒರಗಿಸಿದಳು. ಪೊರಕೆಯ ಕಡೆ ಹೋಗುತ್ತಾಳೆ ಅಂದುಕೊಂಡೆ. ಅವಳು ಸೆರಗಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು, ಅಂಗೈ ಬಿಡಿಸಿ ನೋಡಿಕೊಂಡಳು. ಸುಣ್ಣ ಅಂಟಿ ಬೆಳ್ಳಗಿದ್ದವು. "ಇವತ್ತು ಕಸ ಮುಟ್ಟಿಲ್ಲ ಕಣೇ ದುರ್ಗಿ ನಾನು" ಅಂದಳು. "ಕೊಡು ಕೂಸ್ನ."

ಸಿಂಗಾರಿ ನನ್ನ ಸೊಂಟದಿಂದ ಆ ಕಡೆಗೆ ಹಾರಿತು. ನಡುವೆ ನೆಲ ಎಷ್ಟಿತ್ತೋ ನನಗೆ ತಿಳಿಯಲಿಲ್ಲ, ಅಳೆಯಲೂ ಇಲ್ಲ. ಕೂಸು ಅಜ್ಜಿಯ ಕೊರಳಿಗೆ ಮುಖ ಹುದುಗಿಸಿ, ಕಿವಿಯೋಲೆ ಹಿಡಿದೆಳೆಯಿತು. ಅವ್ವ ಅದನ್ನೆತ್ತಿಕೊಂಡೇ ಜಗಲಿಯ ಮೇಲೆ ಕಾಲು ಚಾಚಿ ಕೂತಳು.

"ಓಬಕ್ಕ, ನಿನಗೇ ಹೇಳ್ತಿರೋದು" ಅಂದ ಕೊಟ್ರಪ್ಪ.

"ದೂರ ಆಗ್ತೈತೆ" ಅಂದಳು ಅವ್ವ.

"ಏನು ದೂರ?" ಸಾಹೇಬರಿಗೆ ಈಗ ಸಿಟ್ಟು ಬಂದಿತ್ತು. "ನಿಮಗೇನು, ನಾಲ್ಕು ಹೆಜ್ಜೆ! ದಿನಾ ಬರ್ತಿರಲಿಲ್ವಾ? ಕಣ್ಣು ಮುಚ್ಚಿ ತೆಗೆಯೋದರೊಳಗೆ ಬರ್ತೀರಿ!"

"ನಾಲ್ಕೇ ಹೆಜ್ಜೆ ಅಂತ ಅವರ ಬಾಯಲ್ಲೇ ಬಂತು, ಕೇಳಿಸ್ಕೊಂಡ್ರಾ ನೀಲ್ಕಂಠಪ್ನೋರೇ?" ಅಂದ ಹಾಲಪ್ಪಜ್ಜ. ಯಾರೂ ನಗಲಿಲ್ಲ. ಮಾರಕ್ಕ ತನ್ನ ಮೊರವನ್ನು ಅವ್ವನ ಮೊರದ ಪಕ್ಕಕ್ಕೆ ಒರಗಿಸಿ ಬಂದು ಕೂತಳು. ಈರಮ್ಮ ಕೂತಳು. ಸಣ್ಣತಿಮ್ಮಿ ಕೂತಳು.

ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು. ಬಂದ ಹಾಗೆ ಕಾಣಲಿಲ್ಲ. ನೆಲ ಅವರ ಕಾಲಡಿಯಲ್ಲಿ ಹಿಂದಕ್ಕೆ ಸರಿದು ಅವರು ಇದ್ದಲ್ಲೇ ಇದ್ದರು. ಅಲ್ಲಿಂದಲೇ ಕೂಗಿದರು: "ಏಳಮ್ಮ ಮೇಲೆ. ಕೆಲಸಕ್ಕೆ ನಡಿ ಅಂದೆ."

ಅವ್ವ ಕೂಸಿನ ಕೆನ್ನೆಗೆ ಅಂಟಿದ ಸುಣ್ಣವನ್ನು ಹೆಬ್ಬೆರಳಿನಲ್ಲಿ ಒರೆಸಿದಳು. ಅವರ ಕಡೆ ನೋಡಲಿಲ್ಲ.

"ಬರಾಕಿಲ್ಲ" ಅಂದಳು.